ಸೈನಿಕರ ಮನೆಗಳಿಗೆ ಕನ್ನಡಕ: ತಿಮ್ಮಾಪುರದ ನೇತ್ರಸೇವೆಯಲ್ಲಿ ನಾವು ಕಂಡದ್ದು

ಸೈನ್ಯವನ್ನು ಸೇರಬಯಸುವ ತರುಣನ ಕಣ್ಣುಗಳನ್ನು ಪರೀಕ್ಷಿಸದೆ ಯಾರೂ ಅವನ ಕೈಗೆ ಬಂದೂಕು ಕೊಡುವುದಿಲ್ಲ. ಸೇರಿದ ಮೇಲೂ ಆ ಪರೀಕ್ಷೆ ನಿಲ್ಲುವುದಿಲ್ಲ. ಯೋಧನ ಆರೋಗ್ಯದ ದರ್ಜೆಯನ್ನು ನಿರ್ಧರಿಸಲು ಸೈನ್ಯದ ವೈದ್ಯರು ಅನುಸರಿಸುವ ಕ್ರಮಕ್ಕೆ 'ಶೇಪ್' ಎಂದು ಹೆಸರು. ಇಂಗ್ಲಿಷಿನ ಐದು ಅಕ್ಷರಗಳ ಈ ಪದದಲ್ಲಿ ಮನಸ್ಸು, ಶ್ರವಣ, ಕೈಕಾಲು, ಒಟ್ಟು ದೇಹಸ್ಥಿತಿ ಇವುಗಳಿಗೆ ಒಂದೊಂದು ಅಕ್ಷರವಿದ್ದು, ಕೊನೆಯದು ಕಣ್ಣಿಗೆ ಮೀಸಲು. ದೃಷ್ಟಿ ಕುಂದಿದರೆ ಅದು ಕಡತದಲ್ಲಿ ದಾಖಲಾಗುತ್ತದೆ, ಕನ್ನಡಕ ಬರುತ್ತದೆ, ಅಗತ್ಯಬಿದ್ದರೆ ಅವನ ಕೆಲಸವೇ ಬದಲಾಗುತ್ತದೆ. ಆದರೆ ಅದೇ ಯೋಧನ ತಾಯಿಯ ಕಣ್ಣುಗಳನ್ನು ಕೊನೆಯ ಸಲ ಯಾರು, ಯಾವಾಗ ಪರೀಕ್ಷಿಸಿದರು ಎಂದು ಕೇಳಿದರೆ ನಾವು ಹೋದ ಬಹುಪಾಲು ಮನೆಗಳಲ್ಲಿ ಉತ್ತರವಿರಲಿಲ್ಲ.

ಮುಧೋಳ ಸೀಮೆಯ ತಿಮ್ಮಾಪುರದಲ್ಲಿ ಸೈನಿಕ ಕುಟುಂಬಗಳಿಗಾಗಿ ನಡೆದ ಉಚಿತ ಕನ್ನಡಕ ಶಿಬಿರದಲ್ಲಿ ನಾವು ಕೆಲವರು ಸ್ವಯಂಸೇವಕರಾಗಿ ದುಡಿದೆವು. ಸಕ್ಕರೆ ಕಾರ್ಖಾನೆಯಿಂದ ಹೆಸರಾದ ಊರಿದು. ಸುತ್ತಲೂ ಕಬ್ಬಿನ ಸೀಮೆ. ಕಬ್ಬಿನ ಜೊತೆಗೆ ಈ ಭಾಗದ ಹಳ್ಳಿಗಳು ಸೈನ್ಯಕ್ಕೆ ಮಕ್ಕಳನ್ನೂ ಕಳುಹಿಸುತ್ತ ಬಂದಿವೆ. ಮರಾಠಾ ಲಘು ಪದಾತಿದಳದ ತರಬೇತಿ ಕೇಂದ್ರವು ಬೆಳಗಾವಿಯಲ್ಲಿಯೇ ಇರುವುದರಿಂದ ಭರ್ತಿಯ ಸುದ್ದಿ ಇಲ್ಲಿಯವರಿಗೆ ಬೇಗ ತಲಪುತ್ತದೆ. ಮುಧೋಳದ ನಾಯಿಗಳನ್ನೂ ಸೈನ್ಯದವರು ತರಬೇತಿಗೆಂದು ಮೀರತ್‌ಗೆ ಒಯ್ದಿದ್ದಾರೆಂದು ನಮ್ಮವರು ಹೆಮ್ಮೆಯಿಂದ ಹೇಳಿಕೊಳ್ಳುವುದುಂಟು. ಮನೆಯಲ್ಲಿ ಉಳಿದವರ ವಿಷಯ ಮಾತ್ರ ಅಷ್ಟಾಗಿ ಯಾರ ಮಾತಿಗೂ ಬರುವುದಿಲ್ಲ.

ಶಿಬಿರದ ಹಿಂದಿನ ದಿನಗಳಲ್ಲಿ ಮನೆಮನೆಗೆ ಹೋಗಿ ತಿಳಿಸಿದೆವು. ಧ್ವನಿವರ್ಧಕ ಕಟ್ಟಿದ ವಾಹನ ಸುತ್ತಿಬಂದರೆ ಊರೇನೋ ನೆರೆಯುತ್ತದೆ, ಆದರೆ ನಾವು ಯಾರಿಗಾಗಿ ಹೋಗಿದ್ದೆವೋ ಅವರೇ ಹಿಂದೆ ಉಳಿಯುತ್ತಾರೆ. 'ಉಚಿತ' ಎಂಬ ಮಾತು ಸೈನಿಕರ ಮನೆಗಳಲ್ಲಿ ಸುಲಭವಾಗಿ ಇಳಿಯುವಂಥದಲ್ಲ. ಕಟ್ಟೆಯ ಮೇಲೆ ಕುಳಿತಿದ್ದ ನಿವೃತ್ತ ಹವಾಲ್ದಾರರೊಬ್ಬರು, "ನಮಗ ಪೆನ್ಷನ್ ಬರತೈತ್ರಿ. ಇಲ್ಲದವರಿಗೆ ಕೊಡ್ರಿ" ಎಂದು ನಯವಾಗಿಯೇ ಕೈಮುಗಿದರು. ನಾವು ಒತ್ತಾಯಿಸಲಿಲ್ಲ. ಸರದಿ ನೋಡಿಕೊಳ್ಳಲು ಅನುಭವಸ್ಥರೊಬ್ಬರು ಬೇಕಾಗಿದ್ದಾರೆ, ದಯವಿಟ್ಟು ಬರಬೇಕು ಎಂದು ಕೇಳಿಕೊಂಡೆವು. ಮರುದಿನ ನಾವು ಮೇಜುಗಳನ್ನು ಹಾಕುವ ಮೊದಲೇ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಶಾಲೆಯ ಬಾಗಿಲಲ್ಲಿ ನಿಂತಿದ್ದರು. ಆ ದಿನ ಸಾಲು ತಪ್ಪಿಸುವ ಧೈರ್ಯ ಯಾರಿಗೂ ಆಗಲಿಲ್ಲ. ನಮ್ಮ ಮೇಜಿನ ಹಿಂದಿನಿಂದ ತನ್ನ ಚೀಟಿ ಮುಂದೆ ಸರಿಸಲು ನೋಡಿದ ಗ್ರಾಮದ ಹಿರಿಯರೊಬ್ಬರಿಗೂ ಸಹ!

ಮಧ್ಯಾಹ್ನ ಜನ ಕಡಿಮೆಯಾದಾಗ ಅವರನ್ನೇ ಪರೀಕ್ಷೆಯ ಸ್ಟೂಲಿನ ಮೇಲೆ ಕೂರಿಸಿದೆವು. ದೂರದ ದೃಷ್ಟಿ ಚೆನ್ನಾಗಿತ್ತು. ಗುಡ್ಡದ ಮೇಲಿನ ಆಡುಗಳನ್ನು ಎಣಿಸಬಲ್ಲೆನೆಂದು ಅವರು ಹೇಳಿದ್ದು ಬರಿಯ ಜಂಬವಾಗಿರಲಿಲ್ಲ. ಆದರೆ ಜೇಬಿನಲ್ಲಿದ್ದ ರಕ್ತದೊತ್ತಡದ ಮಾತ್ರೆಯ ಪಟ್ಟಿಯನ್ನು ಓದಲು ಕೊಟ್ಟಾಗ ಕೈ ಚಾಚುತ್ತ ಹೋಯಿತು, ತೋಳು ಮುಗಿಯಿತು, ಅಕ್ಷರ ಮಾತ್ರ ಸಿಕ್ಕಲಿಲ್ಲ. ಬಣ್ಣ ನೋಡಿ ಮಾತ್ರೆ ನುಂಗುತ್ತಿದ್ದರು. ಬಲಗಣ್ಣಿನ ಬಿಳಿಭಾಗದಿಂದ ತೆಳುವಾದ ಮಾಂಸದ ಪೊರೆಯೊಂದು ಕಪ್ಪುಭಾಗದ ಕಡೆಗೆ ಬೆಳೆದಿತ್ತು. ಬಿಸಿಲು, ದೂಳು, ಗಾಳಿಯಲ್ಲಿ ವರ್ಷಗಟ್ಟಲೆ ದುಡಿದವರಲ್ಲಿ ಇದು ಹೆಚ್ಚು. ನಮ್ಮ ರೈತರಲ್ಲಿಯೂ ಉಂಟು, ಮರುಭೂಮಿಯ ಗಡಿಯಲ್ಲಿ ನಿಂತ ಸೈನಿಕರಲ್ಲಿಯೂ ಉಂಟು. ಹಿಮದ ಕಾವಲಿನ ಕಥೆ ಇನ್ನೂ ಕಠಿಣವಾದುದು. ಸಮುದ್ರಮಟ್ಟದಿಂದ ಒಂದು ಸಾವಿರ ಮೀಟರ್ ಮೇಲೇರಿದಂತೆಲ್ಲ ಸೂರ್ಯನ ನೇರಳಾತೀತ ಕಿರಣಗಳ ತೀವ್ರತೆ ಸುಮಾರು ಶೇ. 10ರಷ್ಟು ಹೆಚ್ಚುತ್ತದೆ. ಹೊಸದಾಗಿ ಬಿದ್ದ ಹಿಮವು ಆ ಕಿರಣಗಳಲ್ಲಿ ಶೇ. 80ರವರೆಗೂ ಹಿಂದಕ್ಕೆ ಚಿಮ್ಮಿಸಬಲ್ಲುದು. ಹೀಗಾಗಿ ರಕ್ಷಣೆಯ ಕನ್ನಡಕವಿಲ್ಲದ ಕಣ್ಣಿಗೆ ಮೇಲಿನಿಂದಲೂ ಕೆಳಗಿನಿಂದಲೂ ಬಿಸಿಲು ಹೊಡೆದು, ಕಣ್ಣಿನ ಮೇಲ್ಪದರ ಸುಟ್ಟಂತಾಗಿ, ಕೆಲಕಾಲ ದೃಷ್ಟಿಯೇ ಇಲ್ಲವಾಗುತ್ತದೆ. ಇದಕ್ಕೆ ಹಿಮಕುರುಡು ಎನ್ನುತ್ತಾರೆ. ಅದು ಒಂದೆರಡು ದಿನಗಳಲ್ಲಿ ಇಳಿಯುತ್ತದೆಯಾದರೂ, ಇಂಥ ಬಿಸಿಲನ್ನು ಬಹುಕಾಲ ಉಂಡ ಕಣ್ಣಿಗೆ ಮೋತಿಬಿಂದು ಬೇಗ ಬರುವ ಸಂಭವವಿದೆ. ಹವಾಲ್ದಾರರಿಗೆ ಓದುವ ಕನ್ನಡಕ ಬರೆದುಕೊಟ್ಟು, ಪೊರೆಯನ್ನು ತೋರಿಸಲು ನೇತ್ರತಜ್ಞರಲ್ಲಿಗೆ ಚೀಟಿ ಕೊಟ್ಟೆವು.

ಅವರ ಕೈ ಚಾಚಿದ್ದಕ್ಕೆ ಕಾರಣ ರೋಗವಲ್ಲ, ವಯಸ್ಸು. ಕಣ್ಣಿನೊಳಗಿನ ಮಸೂರವು ಎಳವೆಯಲ್ಲಿ ಮೆತ್ತಗಿದ್ದು, ಹತ್ತಿರದ ವಸ್ತುವನ್ನು ನೋಡುವಾಗ ಉಬ್ಬಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಅದು ಗಡುಸಾಗುತ್ತದೆ. ನಲವತ್ತರ ಆಸುಪಾಸಿನಲ್ಲಿ ಸೂಜಿಗೆ ದಾರ ಪೋಣಿಸುವುದು ಕಷ್ಟವಾಗುತ್ತದೆ, ಪಂಚಾಂಗದ ಅಕ್ಷರ ಮಸುಕಾಗುತ್ತದೆ. ನಮ್ಮ ಹಿರಿಯರು ಇದನ್ನೂ, ಇದಕ್ಕೆ ಹಾಕುವ ಕನ್ನಡಕವನ್ನೂ ಒಟ್ಟಾಗಿ 'ಚಾಳೀಸು' ಎಂದರು. ನಲವತ್ತನ್ನೇ ಹೆಸರಾಗಿಸಿದ ಈ ಮಾತು ವೈದ್ಯರ ಪದಕ್ಕಿಂತ ನಮಗೆ ಹೆಚ್ಚು ಪ್ರಿಯ. ಚಾಳೀಸಿಗೆ ಶಸ್ತ್ರಚಿಕಿತ್ಸೆ ಬೇಕಿಲ್ಲ, ಔಷಧ ಬೇಕಿಲ್ಲ. ನಲವತ್ತರಲ್ಲಿ ಸುಮಾರು ಒಂದು ನಂಬರಿನಿಂದ ಆರಂಭವಾಗಿ ಅರವತ್ತರ ಹೊತ್ತಿಗೆ ಎರಡೂವರೆಯ ಹತ್ತಿರ ಬರುವ ಸಾದಾ ಗಾಜು ಸಾಕು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೊರತಂದ ದೃಷ್ಟಿ ಕುರಿತಾದ ವರದಿಯ ಪ್ರಕಾರ, ಈ ಒಂದು ಗಾಜು ಸಿಗದೆ ಹತ್ತಿರದ ದೃಷ್ಟಿ ಮಸುಕಾಗಿಯೇ ಉಳಿದವರು ಜಗತ್ತಿನಲ್ಲಿ 82 ಕೋಟಿಗೂ ಹೆಚ್ಚು. ಅಸ್ಸಾಮಿನ ಚಹಾ ತೋಟವೊಂದರಲ್ಲಿ ನಲವತ್ತು ದಾಟಿದ ಕಾರ್ಮಿಕರಿಗೆ ಇಂಥ ಕನ್ನಡಕ ಕೊಟ್ಟು ನೋಡಿದ ಅಧ್ಯಯನವು 2018ರಲ್ಲಿ ಪ್ರಕಟವಾಯಿತು. ಕನ್ನಡಕ ಸಿಗದವರಿಗಿಂತ ಸಿಕ್ಕವರ ಎಲೆ ಕೀಳುವ ಕೆಲಸ ಶೇ. 20ಕ್ಕೂ ಹೆಚ್ಚು ಸುಧಾರಿಸಿತ್ತು. ರಬಕವಿ-ಬನಹಟ್ಟಿಯ ಕಡೆಯ ತಾಯಂದಿರಿಗೆ ಈ ಲೆಕ್ಕವನ್ನು ಹೇಳಬೇಕಾಗಿಯೇ ಇಲ್ಲ. ಕಂಡಿಕೆ ಸುತ್ತುವಾಗ, ಹರಿದ ಎಳೆಯನ್ನು ಹುಡುಕಿ ಗಂಟು ಹಾಕುವಾಗ ಹೊತ್ತು ಎಲ್ಲಿ ಹೋಗುತ್ತದೆಂದು ಅವರು ಬಲ್ಲರು.

ನಮ್ಮ ಓದುಗರಲ್ಲಿ ಹಿರಿಯರಾದವರು ಇನ್ನೊಂದನ್ನೂ ಗಮನಿಸಿರಬಹುದು. ಇಷ್ಟಲಿಂಗವನ್ನು ಅಂಗೈಯಲ್ಲಿರಿಸಿ ದೃಷ್ಟಿ ನೆಡುವ ಅಂತರ ಸುಮಾರು ಒಂದಡಿ. ಚಾಳೀಸಿನ ಕಣ್ಣು ಮೊದಲು ಸೋಲುವುದೇ ಆ ಅಂತರದಲ್ಲಿ. ಪೂಜೆಗೆ ಕುಳಿತಾಗ ಕಣ್ಣು ನೀರಾಡುತ್ತದೆ, ತಲೆ ಭಾರವಾಗುತ್ತದೆ ಎಂದು ಶಿಬಿರದಲ್ಲಿ ಹೇಳಿದ ತಾಯಂದಿರು ಕಡಿಮೆಯೇನಿರಲಿಲ್ಲ. ಕನ್ನಡಕ ಹಾಕಿಕೊಂಡು ಪೂಜೆ ಮಾಡಬಹುದೇ ಎಂದು ಒಬ್ಬರು ಸಂಕೋಚದಿಂದ ಕೇಳಿದರು. ಅದರಲ್ಲಿ ಅಡ್ಡಿಯೇನು ಎಂಬುದು ನಮಗಂತೂ ತೋಚಲಿಲ್ಲ.

ಸ್ವಯಂಸೇವಕರ ಕೆಲಸವೆಂದರೆ ಕನ್ನಡಕ ಹಂಚುವುದು ಎಂದು ಹೊರಗಿನಿಂದ ನೋಡುವವರು ತಿಳಿಯುತ್ತಾರೆ. ವಾಸ್ತವದಲ್ಲಿ ದಿನದ ಬಹುಭಾಗ ಹೋಗುವುದು ಕೇಳುವುದರಲ್ಲಿ ಮತ್ತು ಅಳೆಯುವುದರಲ್ಲಿ. ಆರು ಮೀಟರ್ ದೂರದಲ್ಲಿ ಫಲಕ ತೂಗುಹಾಕಬೇಕು. ಟೇಪು ಹಿಡಿದು ಅಳೆಯಬೇಕೇ ಹೊರತು ಹೆಜ್ಜೆ ಎಣಿಸಿದರೆ ಸಾಲದು. ಓದು ಬಾರದವರಿಗೆ ಮೂರು ಹಲ್ಲಿನ ಗುರುತಿರುವ ಫಲಕವಿದೆ, ಹಲ್ಲು ಯಾವ ಕಡೆಗಿದೆಯೆಂದು ಕೈಬೆರಳಿನಿಂದ ತೋರಿಸಿದರೆ ಸಾಕು. ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿಸಬೇಕು, ಆದರೆ ಒತ್ತಬಾರದು. ಒತ್ತಿದ ಕಣ್ಣು ಮುಂದಿನ ಸರದಿಯಲ್ಲಿ ಮಸುಕಾಗಿ ಕಂಡು ಲೆಕ್ಕ ಕೆಡಿಸುತ್ತದೆ. ಇವೆಲ್ಲಕ್ಕಿಂತ ಉಪಯುಕ್ತವಾದುದು ಸಣ್ಣ ತೂತುಗಳಿರುವ ಕಪ್ಪು ತಟ್ಟೆ. ಅದರ ತೂತಿನಿಂದ ನೋಡಿದಾಗ ಅಕ್ಷರ ಸ್ಪಷ್ಟವಾದರೆ ಸಾಮಾನ್ಯವಾಗಿ ಕನ್ನಡಕದಿಂದ ದೃಷ್ಟಿ ಸುಧಾರಿಸುತ್ತದೆ. ಆಗಲೂ ಸ್ಪಷ್ಟವಾಗದಿದ್ದರೆ ತೊಂದರೆ ಬೇರೆಡೆ ಇದೆ, ಮೋತಿಬಿಂದುವೋ, ಸಕ್ಕರೆ ಕಾಯಿಲೆಯಿಂದ ಕೆಟ್ಟ ಅಕ್ಷಿಪಟಲವೋ, ಮತ್ತೊಂದೋ. ಅಂಥವರಿಗೆ ಕನ್ನಡಕ ಕೊಟ್ಟು ಕಳುಹಿಸುವುದು ಸೇವೆಯಲ್ಲ. ಕಾಚಬಿಂದುವಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು: ಅದು ನೋವಿಲ್ಲದೆ ಅಂಚಿನಿಂದ ದೃಷ್ಟಿಯನ್ನು ಕದಿಯುತ್ತ ಬರುತ್ತದೆ, ನೇರ ಎದುರಿನ ಅಕ್ಷರಗಳು ಕೊನೆಯವರೆಗೂ ಕಾಣುತ್ತಿರುತ್ತವೆ. ಫಲಕ ಓದಿದರೆಂದು ಸಮಾಧಾನಪಟ್ಟರೆ ಕೆಲಸ ಕೆಟ್ಟಂತೆ. ನಲವತ್ತು ದಾಟಿದವರು, ಮನೆಯಲ್ಲಿ ಯಾರಿಗಾದರೂ ಆ ರೋಗವಿದ್ದವರು ಕಣ್ಣಿನ ಒತ್ತಡವನ್ನೂ ನರವನ್ನೂ ತಜ್ಞರಿಂದ ಪರೀಕ್ಷಿಸಿಕೊಳ್ಳಲೇಬೇಕು.

ಕೇಳುವ ಕೆಲಸ ಇದಕ್ಕಿಂತ ಸೂಕ್ಷ್ಮವಾದುದು. ನಮ್ಮ ತಾಯಂದಿರು ಸೌಜನ್ಯಕ್ಕೆ ಸುಳ್ಳು ಹೇಳುತ್ತಾರೆ. ಗಾಜು ಬದಲಿಸಿ "ಈಗ ಹ್ಯಾಂಗ ಕಾಣತೈತಿ ಎವ್ವಾ?" ಎಂದರೆ, "ಚಲೋ ಕಾಣತೈತಿ ಬಿಡ್ರಿ, ನಿಮಗ್ಯಾಕ ತ್ರಾಸು" ಎಂದುಬಿಡುತ್ತಾರೆ. ಆದ್ದರಿಂದ ಜೋಳದಲ್ಲಿ ಸಣ್ಣ ಹರಳು ಬೆರೆಸಿದ ತಟ್ಟೆಯನ್ನೂ, ಸೂಜಿದಾರವನ್ನೂ ಮೇಜಿನ ಮೇಲೆ ಇಟ್ಟುಕೊಂಡೆವು. ಹರಳು ಆರಿಸಿದರೆ ನಂಬರು ಸರಿ, ಇಲ್ಲದಿದ್ದರೆ ಇನ್ನೊಂದು ಗಾಜು. ದೃಷ್ಟಿಪರೀಕ್ಷಕರು ಮೊದಲು ನಕ್ಕರು, ಮಧ್ಯಾಹ್ನದ ಹೊತ್ತಿಗೆ ತಾವೇ ತಟ್ಟೆ ಕೇಳತೊಡಗಿದರು.

ಆ ಮೇಜಿನ ಮುಂದೆ ಕುಳಿತವರಲ್ಲಿ ನಮಗೆ ಮರೆಯಲಾಗದವರು ಪತಿಯನ್ನು ಸೇವೆಯಲ್ಲಿದ್ದಾಗಲೇ ಕಳೆದುಕೊಂಡ ಒಬ್ಬ ಸಹೋದರಿ. ಏಳನೆಯ ತರಗತಿಯವರೆಗೆ ಓದಿದವರು. ಕುಟುಂಬ ಪಿಂಚಣಿ ಜಮೆಯಾದ ಸಂದೇಶ ಮೊಬೈಲಿಗೆ ಬರುತ್ತದೆ; ಈಗ ಸೈನ್ಯದ ಪಿಂಚಣಿ ವ್ಯವಹಾರವೆಲ್ಲ 'ಸ್ಪರ್ಶ್' ಎಂಬ ಗಣಕ ವ್ಯವಸ್ಥೆಯಲ್ಲಿ ನಡೆಯುವುದರಿಂದ ವರ್ಷಕ್ಕೊಮ್ಮೆ ತಾವು ಜೀವಂತವಿರುವ ಪ್ರಮಾಣವನ್ನು ಒಪ್ಪಿಸುವುದು, ಸಂಖ್ಯೆಗಳನ್ನು ನಮೂದಿಸುವುದು ಎಲ್ಲವೂ ಸಣ್ಣ ಅಕ್ಷರಗಳ ಕೆಲಸ. ನಾಲ್ಕು ವರ್ಷಗಳಿಂದ ಅದನ್ನೆಲ್ಲ ಕಂಡಕಂಡವರಿಂದ ಓದಿಸಿಕೊಳ್ಳುತ್ತಿದ್ದರು. "ನನ್ನ ಖಾತೆದಾಗ ಎಷ್ಟ ಐತಿ ಅನ್ನೂದು ನನಗಿಂತ ಮೊದಲ ಊರಿಗೆ ಗೊತ್ತಾಕ್ಕೈತ್ರಿ" ಎಂದರು. ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಯಾರು ಯಾವಾಗ ಸಾಲ ಕೇಳಲು ಬರುತ್ತಾರೆಂದು ಮಾತ್ರ ಅವರಿಗೆ ಮೊದಲೇ ತಿಳಿಯುತ್ತಿತ್ತಂತೆ. ಒಂದೂ ಮುಕ್ಕಾಲು ನಂಬರಿನ ಗಾಜು ಹಾಕಿದಾಗ ಮೊಬೈಲು ತೆಗೆದು ಹಳೆಯ ಸಂದೇಶಗಳನ್ನು ಒಂದೊಂದಾಗಿ ಓದುತ್ತ ಕುಳಿತರು. ಹಿಂದಿನವರು ಕಾಯುತ್ತಿದ್ದರೂ ಹವಾಲ್ದಾರರು ಅವರನ್ನು ಎಬ್ಬಿಸಲಿಲ್ಲ.

ಮಕ್ಕಳ ಸಾಲಿನಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳು ಬಂದಿದ್ದಳು, ತಂದೆ ಪಠಾಣಕೋಟದಲ್ಲಿ. ಪಕ್ಕದವಳ ಪಾಟಿ ನೋಡಿ ಬರೆಯುತ್ತಾಳೆ ಎಂಬ ದೂರು ಅವಳ ಮೇಲೆ. ಅವಳಿಗೆ ಕರಿಹಲಗೆಯೇ ಕಾಣುತ್ತಿರಲಿಲ್ಲ. ಎರಡೂ ಕಣ್ಣಿಗೆ ಮೈನಸ್ ಮೂರು. ಪರೀಕ್ಷೆಯ ಚೌಕಟ್ಟು ಮೂಗಿನ ಮೇಲಿದ್ದಂತೆಯೇ ಗೋಡೆಯ ಮೇಲೆ ಬರೆದಿದ್ದ ಭಾರತದ ನಕ್ಷೆಯತ್ತ ತಿರುಗಿ, ಉತ್ತರದ ಊರುಗಳನ್ನು ಬಾಯಿಬಿಟ್ಟು ಓದಲಾರಂಭಿಸಿದಳು. ಮಕ್ಕಳಲ್ಲಿ ದೃಷ್ಟಿದೋಷ ಬೇಗ ತಿಳಿಯಬೇಕೆನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಒಂದು ಕಣ್ಣು ಮಾತ್ರ ಮಸುಕಾಗಿದ್ದರೆ ಮಿದುಳು ಅದನ್ನು ಕೈಬಿಟ್ಟು ಇನ್ನೊಂದರಿಂದಲೇ ಕೆಲಸ ಸಾಗಿಸುತ್ತದೆ. ಏಳೆಂಟು ವರ್ಷದೊಳಗೆ ಕನ್ನಡಕ ಹಾಕಿ, ಒಳ್ಳೆಯ ಕಣ್ಣನ್ನು ದಿನಕ್ಕಿಷ್ಟು ಹೊತ್ತು ಮುಚ್ಚಿ ಪಳಗಿಸಿದರೆ ಸೋಮಾರಿ ಕಣ್ಣು ಚೇತರಿಸಿಕೊಳ್ಳುತ್ತದೆ, ತಡವಾದಷ್ಟೂ ಫಲ ಕಡಿಮೆ. ಮಕ್ಕಳ ಒಂದೊಂದೇ ಕಣ್ಣನ್ನು ಮುಚ್ಚಿಸಿ ಗೋಡೆಯ ಕ್ಯಾಲೆಂಡರ್ ಓದಿಸಿ ನೋಡುವುದು ಯಾವ ಮನೆಯಲ್ಲಾದರೂ ಆಗುವ ಕೆಲಸ.

ನೇತ್ರಶಿಬಿರವೆಂಬುದು ಈ ನೆಲಕ್ಕೆ ಹೊಸತಲ್ಲ. ತಿಮ್ಮಾಪುರದ ನೆರೆಯ ತಾಲ್ಲೂಕಾದ ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ದೇಶದುದ್ದಕ್ಕೂ ಊರೂರಿಗೆ ಹೋಗಿ ಸಾಮೂಹಿಕ ನೇತ್ರಶಿಬಿರಗಳನ್ನು ನಡೆಸಿದವರು. ಒಂದೇ ದಿನದಲ್ಲಿ 833 ಮೋತಿಬಿಂದು ಶಸ್ತ್ರಚಿಕಿತ್ಸೆ, 1993ರ ಆರಂಭದವರೆಗೆ ಒಟ್ಟು ಆರು ಲಕ್ಷಕ್ಕೂ ಮೀರಿದ ಶಸ್ತ್ರಚಿಕಿತ್ಸೆ ಎಂಬುದು ಗಿನ್ನೆಸ್ ಪುಸ್ತಕದಲ್ಲಿ ಅವರ ಹೆಸರಿನಲ್ಲಿ ದಾಖಲಾದ ಲೆಕ್ಕ. 1956ರಲ್ಲಿ ಪದ್ಮಶ್ರೀ, 1968ರಲ್ಲಿ ಪದ್ಮಭೂಷಣ ಅವರಿಗೆ ಸಂದವು. 2005ರಲ್ಲಿ ಲಿಂಗೈಕ್ಯರಾದ ಅವರನ್ನು ಕಂಡ ಹಿರಿಯರು ನಮ್ಮ ಕಡೆ ಈಗಲೂ ಇದ್ದಾರೆ. ಆ ಕಾಲದಲ್ಲಿ ಕಣ್ಣಿನೊಳಗೆ ಕೃತಕ ಮಸೂರ ಕೂರಿಸುವ ಪದ್ಧತಿ ನಮ್ಮ ಹಳ್ಳಿಗಳಿಗೆ ಬಂದಿರಲಿಲ್ಲ. ಮೋತಿಬಿಂದು ತೆಗೆದ ಕಣ್ಣಿಗೆ ಸುಮಾರು ಹತ್ತು ನಂಬರಿನ ದಪ್ಪ ಗಾಜು ಬೇಕಾಗುತ್ತಿತ್ತು. ಬಾಟಲಿಯ ತಳದಂತಹ ಆ ಕನ್ನಡಕ ಒಡೆದರೆ ಮನುಷ್ಯ ಮತ್ತೆ ಕುರುಡನೇ. ಶಸ್ತ್ರಚಿಕಿತ್ಸೆಯಷ್ಟೇ ಅದರ ಹಿಂದಿನ ಕನ್ನಡಕವೂ ಮುಖ್ಯವಾಗಿದ್ದ ಆ ದಿನಗಳನ್ನು ನೆನೆದರೆ ಇಂದಿನ ಕೆಲಸ ಎಷ್ಟೋ ಹಗುರ.

ಹಗುರವೆಂದೇ ಅದನ್ನು ಹಗುರವಾಗಿ ಮಾಡುವ ಅಪಾಯವೂ ಇದೆ. ಕೆಲವು ಸದ್ಭಕ್ತರು ಮನೆಯ ಹಳೆಯ ಕನ್ನಡಕಗಳನ್ನು ಚೀಲದಲ್ಲಿ ತುಂಬಿ ತಂದುಕೊಟ್ಟರು. ಅವರ ಭಾವ ದೊಡ್ಡದು. ಆದರೆ ಒಬ್ಬರ ಎರಡು ಕಣ್ಣಿಗೆ, ಅವರ ಪಾಪೆಗಳ ನಡುವಿನ ಅಂತರಕ್ಕೆ ಹೊಂದಿಸಿ ಮಾಡಿಸಿದ ಗಾಜು ಇನ್ನೊಬ್ಬರಿಗೆ ಸರಿಹೊಂದುವುದು ಅಪರೂಪ, ಗೀಚು ಬಿದ್ದಿದ್ದರೆ ಅದೂ ಇಲ್ಲ. ಚೀಲ ವಿಂಗಡಿಸುವ ಹೊತ್ತಿನಲ್ಲಿ ಹತ್ತು ಜನರ ಕಣ್ಣು ನೋಡಬಹುದು. ಹೊಸ ಕನ್ನಡಕಕ್ಕೆ ತಗಲುವ ಹಣವನ್ನು ಕೊಡುವುದೇ ಲೇಸು ಎಂದು ನಾವು ವಿನಯದಿಂದ ತಿಳಿಸಿದೆವು. ಹಾಗೆಯೇ, ಪರೀಕ್ಷೆಯ ದಿನವೇ ಕನ್ನಡಕ ಕೊಟ್ಟು ಛಾಯಾಚಿತ್ರ ತೆಗೆಸಿಕೊಂಡು ಹೊರಡುವ ಶಿಬಿರಗಳ ಬಗ್ಗೆ ನಮಗೆ ಗೌರವ ಕಡಿಮೆ. ಓದುವ ಸಾದಾ ಗಾಜನ್ನು ಅಂದೇ ಕೊಡಬಹುದು. ಉಳಿದವರದು ಗಾಜು ಕೊರೆಸಿ ತರಬೇಕಾದ ಕೆಲಸ.

ಸೌಲಭ್ಯಗಳು ಕಾಗದದ ಮೇಲೆ ಇಲ್ಲವೆಂದಲ್ಲ. ನಿವೃತ್ತ ಸೈನಿಕರು ಮತ್ತು ಅವರ ಅವಲಂಬಿತರಿಗಾಗಿ 2003ರಿಂದ ಇಸಿಎಚ್‌ಎಸ್ ಆರೋಗ್ಯ ಯೋಜನೆಯಿದೆ. ಸೇವೆಯಲ್ಲಿರುವವರ ಕುಟುಂಬಗಳಿಗೆ ಸೈನಿಕ ಆಸ್ಪತ್ರೆ ಬೆಳಗಾವಿಯಲ್ಲಿದೆ. ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮವು 1976ರಿಂದ ನಡೆಯುತ್ತಿದ್ದು, ಶಾಲಾಮಕ್ಕಳಿಗೂ ವೃದ್ಧರಿಗೂ ಉಚಿತ ಕನ್ನಡಕ ಕೊಡುವುದು ಅದರ ಭಾಗವೇ. ಆದರೆ ಮಗ ಗಡಿಯಲ್ಲಿ, ಸೊಸೆ ಕೂಸು ಹೊತ್ತು ಹೊಲದಲ್ಲಿ ಇರುವ ಮನೆಯ ಮುದುಕಿಗೆ ಬೆಳಗಾವಿ ನೂರು ಕಿಲೋಮೀಟರಿಗೂ ಹೆಚ್ಚಿನ ದಾರಿ. ಕಣ್ಣು ಮಸುಕಾದವರು ಒಬ್ಬರೇ ಬಸ್ಸಿನ ಫಲಕ ಓದಿ ಹೋಗುವುದೆಂತು? ಅವರನ್ನು ಕರೆದೊಯ್ಯಬೇಕಾದ ಮಗನ ಕಣ್ಣಿಗೆ ಸರ್ಕಾರ ಕಾವಲು ಹಾಕಿದೆ. ಆ ಮಗನೋ ದೂರದಲ್ಲಿದ್ದಾನೆ. ಈ ನಡುವಣ ದಾರಿಯನ್ನು ತುಂಬಲು ಊರಿನವರು ಬೇಕು.

ಹದಿನೈದು ದಿನಗಳ ನಂತರ ಸಿದ್ಧವಾದ ಕನ್ನಡಕಗಳನ್ನು ತೆಗೆದುಕೊಂಡು ಮತ್ತೆ ಹೋದೆವು. ಪ್ರತಿಯೊಬ್ಬರಿಗೂ ಹಾಕಿಸಿ, ಕಿವಿಯ ಹಿಂದೆ ಒತ್ತುತ್ತದೆಯೇ, ಮೂಗಿನಿಂದ ಜಾರುತ್ತದೆಯೇ ನೋಡಿ, ಕಡ್ಡಿ ಬಾಗಿಸಿ ಕೊಟ್ಟೆವು. ಇದಾದ ಒಂದು ತಿಂಗಳಿಗೆ ಮೂರನೆಯ ಸಲ ಹೋದಾಗ ತಿಳಿದ ಸಂಗತಿಗಳು ಬೇರೆಯೇ. ಒಬ್ಬ ಅಜ್ಜಿ ಕನ್ನಡಕವನ್ನು ಟ್ರಂಕಿನಲ್ಲಿ ಸೀರೆಯ ನಡುವೆ ಸುತ್ತಿಟ್ಟಿದ್ದರು: ಮಗ ರಜೆಗೆ ಬಂದಾಗ ಹಾಕಿಕೊಂಡು ತೋರಿಸಬೇಕಂತೆ. ಇನ್ನೊಂದು ಮನೆಯಲ್ಲಿ ಹದಿನೇಳರ ಮಗಳು ಕಾಲೇಜಿನ ಬಾಗಿಲು ದಾಟಿದ ಮೇಲಷ್ಟೇ ಕನ್ನಡಕ ಹಾಕುತ್ತಾಳೆ. ನೋಡಲು ಬರುವ ಗಂಡಿನವರು ಏನೆನ್ನುವರೋ ಎಂಬ ಅಂಜಿಕೆ ತಾಯಿಗೆ. ಈ ಅಂಜಿಕೆಗೆ ನಂಬರು ಬರೆಯುವ ಪರೀಕ್ಷಕರಿಲ್ಲ. ಅವರೊಡನೆ ಅರ್ಧ ತಾಸು ಕುಳಿತು ಮಾತನಾಡಿದೆವು. ಅವರು ಚಹಾ ಕೊಟ್ಟರು, ಒಪ್ಪಿಗೆ ಕೊಡಲಿಲ್ಲ. ಅತ್ತ, ಕಾವಲಿನ ಮಗನೊಡನೆ ವಿಡಿಯೋ ಕರೆಯಲ್ಲಿ ಮಾತನಾಡುವ ತಾಯಿಯೊಬ್ಬರು ಈಗ ಮೊಬೈಲನ್ನು ತೋಳುದ್ದ ದೂರ ಹಿಡಿಯುವುದಿಲ್ಲವಂತೆ. "ಇಷ್ಟ ದಿನ ಬರೇ ತೊಲಿ ಕಾಣತಿತ್ತು, ಈಗ ನಿನ್ನ ಮಾರಿ ಕಾಣತೈತಿ ಅಂದ" ಎಂದು ನಗುತ್ತ ಹೇಳಿದರು.

ನಮ್ಮ ದಾಖಲೆ ಪುಸ್ತಕದಲ್ಲಿ ಕೆಂಪು ಗೆರೆ ಎಳೆದ ಹೆಸರುಗಳು ಇನ್ನೂ ಉಳಿದಿವೆ. ಮೋತಿಬಿಂದುವಿಗೆಂದು ಚೀಟಿ ಕೊಟ್ಟವರಲ್ಲಿ ಐವರು ಆಸ್ಪತ್ರೆಗೆ ಹೋಗಿಲ್ಲ. ಇಬ್ಬರಿಗೆ ಕಬ್ಬು ಕಡಿಯುವ ಸುಗ್ಗಿ ಮುಗಿಯಬೇಕು, ಒಬ್ಬರಿಗೆ ಸಕ್ಕರೆ ಪ್ರಮಾಣ ಇಳಿಯಬೇಕು, ಉಳಿದಿಬ್ಬರಿಗೆ ಜೊತೆಗೆ ಬರುವವರಿಲ್ಲ. ಆ ಇಬ್ಬರಿಗಾಗಿ ಬರುವ ಸೋಮವಾರ ಬೆಳಿಗ್ಗೆ ಆರಕ್ಕೆ ತಿಮ್ಮಾಪುರದಿಂದ ವಾಹನ ಹೊರಡಲಿದೆ. ಹವಾಲ್ದಾರರು ಮುಂದಿನ ಆಸನದಲ್ಲಿ ತಮ್ಮ ಹೆಸರು ಬರೆಸಿದ್ದಾರೆ, ಹಿಂದೆ ಇನ್ನೂ ಎರಡು ಆಸನಗಳು ಖಾಲಿ ಇವೆ.